ಸುಸ್ತಾದವರ ಕುರ್ಚಿ

ಕುರ್ಚಿ ಅಂಗಡಿಗೆ ಬಂದದ್ದು ಬೆಳಿಗ್ಗೆ ಎಂಟಕ್ಕೆ. ಹನ್ನೊಂದು ಹೊಡೆದರೂ ಇಸ್ತ್ರಿ ಮಾಮನಿಗೆ ಅದರ ಮೇಲೆ ಕೂರುವ ಯೋಗ ಬಂದಿರಲಿಲ್ಲ.

ಅಂಗಡಿ ಎಂದರೆ ದೊಡ್ಡದೇನಲ್ಲ. ಎರಡು ಕಟ್ಟಡಗಳ ನಡುವೆ ಯಾರಿಗೂ ಬೇಡವಾಗಿ ಉಳಿದ ಒಂದು ಸಂದು, ಮೇಲೊಂದು ತಗಡು, ಕೆಳಗೊಂದು ಉದ್ದನೆಯ ಮೇಜು, ಮೇಜಿನ ಮೇಲೆ ನಾಲ್ಕು ಮಡಿಕೆಯ ಕಂಬಳಿ, ಅದರ ಮೇಲೆ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ. ಮೇಜಿನ ಹಿಂದೆ ಮಾಮ. ಮೂವತ್ತೊಂದು ವರ್ಷದಿಂದ ಅಲ್ಲೇ ನಿಂತಿದ್ದಾನೆ. ಬೀದಿಯ ಅಂಗಿಗಳಿಂದ ಹೋದ ಸುಕ್ಕೆಲ್ಲ ಅವನ ಮುಖಕ್ಕೆ ಬಂದು ಸೇರಿಕೊಂಡಿತ್ತು. ಭಾರವೆಲ್ಲ ಕಾಲಿಗಿಳಿದು, ಮೀನಖಂಡದಲ್ಲಿ ನರಗಳು ಹಗ್ಗದ ಹಾಗೆ ಗಂಟು ಕಟ್ಟಿಕೊಂಡಿದ್ದವು.

ಡಾಕ್ಟರು ನೋಡಿ, "ದಿನಾ ಮಧ್ಯಾಹ್ನ ಒಂದು ಗಂಟೆ ಹೊತ್ತು ಕಾಲು ಮೇಲೆ ಹಾಕ್ಕೊಂಡು ಕೂತ್ಕೋಬೇಕು. ಇಲ್ಲಾಂದ್ರೆ ಮುಂದಿನ ವರ್ಷ ನಿಲ್ಲೋಕೇ ಆಗಲ್ಲ" ಎಂದಿದ್ದರು.

"ನಿಲ್ಲೋಕಾಗ್ದೆ ಇದ್ರೆ ಆಗ ಕೂತ್ಕೊಂಡೇ ಇರ್ತೀನಲ್ಲ ಡಾಕ್ಟ್ರೇ" ಎಂದು ಮಾಮ ತಮಾಷೆ ಮಾಡಿದ. ಡಾಕ್ಟರು ನಗಲಿಲ್ಲ. ಜೊತೆಗೆ ಬಂದಿದ್ದ ಹೆಂಡತಿಯೂ ನಗಲಿಲ್ಲ.

ಆ ಹೆಂಡತಿಯೇ ಹಳೇ ಸಾಮಾನಿನ ಅಂಗಡಿಯಿಂದ ಈ ಕುರ್ಚಿ ಹುಡುಕಿ ತಂದವಳು. ಬೆತ್ತದ ಒರಗು ಕುರ್ಚಿ, ಎರಡೂ ಕಡೆ ಅಗಲವಾದ ಕೈ, ಮುಂದೆ ಎಳೆದರೆ ಕಾಲು ಚಾಚುವುದಕ್ಕೆ ಒಂದು ಹಲಗೆ. ಕೈಗಾಡಿಯಿಂದ ತಾನೇ ಇಳಿಸಿ, ಮೇಜಿನ ಪಕ್ಕ ತಗಡಿನ ನೆರಳಲ್ಲಿಟ್ಟು, ಸೆರಗಿನಿಂದ ಒರೆಸಿದಳು.

"ಮಧ್ಯಾಹ್ನ ಇದರ ಮೇಲೆ ಕೂತ್ಕೊಳ್ಳಿ. ನಾನು ಎದುರಿಗಿಲ್ಲ ಅಂತ ಮೋಸ ಮಾಡ್ಬೇಡಿ" ಎಂದು ಹೇಳಿ, ಇಸ್ತ್ರಿಯಾದ ಬಟ್ಟೆಯ ಗಂಟು ತಲೆ ಮೇಲಿಟ್ಟುಕೊಂಡು ಹೊರಟಳು. ಮನೆಮನೆಯಿಂದ ಬಟ್ಟೆ ತರುವುದು, ಕೊಡುವುದು ಮೊದಲಿನಿಂದಲೂ ಅವಳ ಪಾಲಿನ ಕೆಲಸ. ಬೆಳಿಗ್ಗೆ ಹೋದರೆ ತಿರುಗಿ ಬರುವುದು ಸಂಜೆಗೆ.

ಮೊದಲು ಬಂದವನು ಪಕ್ಕದ ಅಂಗಡಿಯ ಗಡಿಯಾರದವನು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ದಿನವಿಡೀ ಸ್ಟೂಲಿನ ಮೇಲೆ ಕೂತೇ ಇರುವ ಆಸಾಮಿ. "ಓಹೋ, ಕುರ್ಚಿ! ಗಟ್ಟಿ ಇದೆಯಾ ಅಂತ ನೋಡ್ಬೇಕಲ್ಲ ಮಾಮ" ಎಂದು ಕೂತ. ಗಟ್ಟಿತನ ನೋಡುವುದಕ್ಕೆ ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತು. "ಬೆಳಿಗ್ಗೆಯಿಂದ ಕೂತು ಕೂತು ಸಾಕಾಗಿತ್ತು. ಇಲ್ಲಿ ಕೂತ್ಮೇಲೆ ಪ್ರಾಣ ಬಂತು ನೋಡು" ಎಂದ.

ಅವನು ಎದ್ದು ಒಳಗೆ ಹೋಗುವುದೇ ತಡ, ಎದುರು ಜಗಲಿಯ ಅರ್ಜಿ ಅಜ್ಜ ರಸ್ತೆ ದಾಟಿ ಬಂದ. ಓದುಬರಹ ಬಾರದವರಿಗೆ ನಲವತ್ತು ವರ್ಷದಿಂದ ಅರ್ಜಿ ಬರೆದುಕೊಡುತ್ತಿರುವ ಮುದುಕ. ಬರೆದೂ ಬರೆದೂ ಅವನ ಮಾತೂ ಅರ್ಜಿಯ ಹಾಗೇ ಆಗಿಬಿಟ್ಟಿತ್ತು. "ವಿಷಯ ಏನಪ್ಪಾ ಅಂದ್ರೆ, ನನ್ನ ಸೊಂಟ" ಎಂದು ಕೂತವನು ಮುಂದಿನ ವಾಕ್ಯಕ್ಕೆ ಹೋಗುವ ಮೊದಲೇ ಗೊರಕೆ ಹೊಡೆದ.

ಮಾಮ ಇಸ್ತ್ರಿ ತಿಕ್ಕುತ್ತ ತಿಕ್ಕುತ್ತ ಓರೆಗಣ್ಣಿನಿಂದ ಕುರ್ಚಿಯನ್ನೇ ನೋಡುತ್ತಿದ್ದ. "ಏಳಿ" ಎನ್ನುವ ಎರಡಕ್ಷರ ಅವನ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ. ಗಂಟಲಿನವರೆಗೆ ಬರುತ್ತಿತ್ತು, ಅಲ್ಲಿ "ಪಾಪ" ಆಗಿ ತಿರುಗಿ ಒಳಗೆ ಹೋಗುತ್ತಿತ್ತು.

ಹನ್ನೊಂದಕ್ಕೆ ಗಡಿಯಾರದವನು ವಾಪಸ್ಸು ಬಂದು ಅಜ್ಜನನ್ನು ಅಲುಗಾಡಿಸಿದ. "ಏಳಜ್ಜ, ನಾನು ಬರೀ ನೀರು ಕುಡಿಯೋಕೆ ಅಂತ ಹೋಗಿದ್ದು. ಜಾಗ ನಂದು."

"ನಿಂದು ಅನ್ನೋಕೆ ಏನಾದ್ರೂ ದಾಖಲೆ ಇದೆಯಾ?" ಎಂದು ಅಜ್ಜ ಕಣ್ಣು ಬಿಡದೆಯೇ ಕೇಳಿದ.

"ನಿಂದು ಅನ್ನೋಕೆ ನಿನ್ನ ಹತ್ರ ಇದೆಯಾ?"

"ಕೂತಿದೀನಲ್ಲ, ಇದೇ ದಾಖಲೆ. ಬೇಕಾದ್ರೆ ಇವನನ್ನೇ ಕೇಳು. ಏನಪ್ಪಾ, ನೀನೇ ಹೇಳು, ಯಾರ್ದು ಈ ಕುರ್ಚಿ?"

ಸರಿಯಾಗಿ ಆ ಹೊತ್ತಿಗೇ ಇಸ್ತ್ರಿ ಪೆಟ್ಟಿಗೆಯಿಂದ ಒಂದು ಕಿಡಿ ಚಟ್ಟನೆ ಸಿಡಿದು ಮಾಮನ ಹೆಬ್ಬೆರಳ ಮೇಲೆ ಕೂತಿತು. ಮೂವತ್ತೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದ ಮನುಷ್ಯ ಬಾಯಿ ಬಿಟ್ಟ.

"ಯಾರ್ದೂ ಅಲ್ಲ ಕಣ್ರೀ! ನಂದಂತೂ ಅಲ್ವೇ ಅಲ್ಲ! ದೇವರ ಹೆಸರಲ್ಲಿ ವಕ್ಫ್ ಮಾಡಿಬಿಟ್ಟಿದೀನಿ! ಸುಸ್ತಾದವ್ರು ಯಾರು ಬೇಕಾದ್ರೂ ಬಂದು ಬಿದ್ಕೊಳ್ಳಿ, ಹೋಗಿ!"

ಅರ್ಜಿ ಅಜ್ಜ ಕಣ್ಣು ಬಿಟ್ಟ. ನಿಧಾನಕ್ಕೆ ಎದ್ದು ನಿಂತ. ಮಾಮನಿಗೆ ಅರೆ ಗಳಿಗೆ ಖುಷಿಯಾಯಿತು, ಮದ್ದು ಕೆಲಸ ಮಾಡಿತು ಎಂದುಕೊಂಡ. ಅಷ್ಟರಲ್ಲಿ ಅಜ್ಜ ಅವನ ಎರಡೂ ಕೈ ಹಿಡಿದುಕೊಂಡು ಗದ್ಗದ ದನಿಯಲ್ಲಿ ಶುರು ಮಾಡಿದ.

"ಎಂಥಾ ಮಾತಾಡಿದೆ ಮಗನೇ! ವಸ್ತು ಯಾವುದು ಅಂತ ಹೇಳ್ದೆ. ಯಾರ ಹೆಸರಲ್ಲಿ ಅಂತ ಹೇಳ್ದೆ. ಯಾರ ಉಪಯೋಗಕ್ಕೆ ಅಂತಾನೂ ಹೇಳ್ದೆ. ಸಾಕ್ಷಿಗೆ ನಾವಿಬ್ರು ಇದೀವಿ. ನಾನು ನಾಲ್ಕು ಹಾಳೆ ಹರಿದು ಹಾಕಿ ಬರೆಯೋ ಪತ್ರಾನ ನೀನು ಒಂದೇ ಉಸಿರಿಗೆ ಬಾಯಲ್ಲೇ ಹೇಳ್ಬಿಟ್ಟೆ!"

"ಅಜ್ಜಾ, ಅದು ಸುಮ್ನೆ, ಸಿಟ್ಟಲ್ಲಿ..."

"ಇನ್ಮೇಲೆ ಮಾರೋ ಹಾಗಿಲ್ಲ. ಯಾರಿಗೂ ಉಡುಗೊರೆ ಕೊಡೋ ಹಾಗಿಲ್ಲ. ಮಕ್ಕಳಿಗೆ ಬಿಟ್ಟು ಹೋಗೋ ಹಾಗಿಲ್ಲ. ವಾಪಸ್ ತಗೊಳ್ಳೋ ಹಾಗಂತೂ ಇಲ್ವೇ ಇಲ್ಲ. ಮಾಲು ದೇವರದ್ದು, ಉಪಯೋಗ ಜನರದ್ದು. ಅದೇ ಅಲ್ವಾ ವಕ್ಫ್ ಅಂದ್ರೆ?"

"ಹಾಗಾದ್ರೆ ನನಗೇನು ಉಳೀತು?"

"ಪುಣ್ಯ! ನೀನು ಸತ್ತ ಮೇಲೂ ಬರ್ತಾನೇ ಇರತ್ತೆ. ಈ ಕುರ್ಚಿ ಇರೋವರೆಗೂ, ಕೂತೋರೆಲ್ಲ ಉಸ್ಸಪ್ಪಾ ಅಂದಾಗೆಲ್ಲ, ನಿನ್ನ ಹೆಸರಿಗೆ."

ಮಾಮ ಕುರ್ಚಿಯ ಕಡೆ ನೋಡುತ್ತ ಕೇಳಿದ. "ಸಾಯೋದಕ್ಕೆ ಮುಂಚೆ ನಾನೊಂದ್ಸಲ ಕೂತ್ಕೋಬಹುದಾ?"

"ಸುಸ್ತಾಗಿದ್ರೆ ಧಾರಾಳವಾಗಿ. ಆದ್ರೆ ನೋಡು, ನೀನೀಗ ಮುತವಲ್ಲಿ. ಅಂದ್ರೆ ವಕ್ಫ್ ಆಸ್ತಿ ನೋಡ್ಕೊಳ್ಳೋನು. ನೋಡ್ಕೊಳ್ಳೋನೇ ಮೊದಲು ಹೋಗಿ ಕೂತ್ರೆ ನಾಲ್ಕು ಜನ ಏನಂತಾರೆ?"

ಅಂಗಿಯೊಳಗಿಡುವ ರಟ್ಟೊಂದನ್ನು ಮಾಮನ ಮೇಜಿನಿಂದಲೇ ತೆಗೆದುಕೊಂಡು ಅಜ್ಜ ದಪ್ಪಕ್ಷರದಲ್ಲಿ ಬರೆದ: "ಸುಸ್ತಾದವರಿಗಾಗಿ ವಕ್ಫ್. ಸುಸ್ತಾಗದವರು ಕೂರತಕ್ಕದ್ದಲ್ಲ." ಅದನ್ನು ಕುರ್ಚಿಯ ಬೆನ್ನಿಗೆ ಕಟ್ಟಿದ. ಮಾಮನಿಗೆ ಅದನ್ನು ಕಿತ್ತೆಸೆಯಬೇಕೆನಿಸಿತು. ಕೈ ಮುಂದೆ ಹೋಗಲಿಲ್ಲ. ಬಾಯಿಂದ ಬಂದದ್ದು ಯಾರ ಹೆಸರು? ಮನುಷ್ಯರಿಗೆ ಕೊಟ್ಟ ಮಾತನ್ನಾದರೆ ಹಲ್ಲು ಗಿಂಜಿ ತಪ್ಪಿಸಿಕೊಳ್ಳಬಹುದು. ಅವನ ಹೆಸರಲ್ಲಿ ಕೊಟ್ಟೆ ಎಂದದ್ದನ್ನು ತಾಸೊಪ್ಪತ್ತಿನಲ್ಲೇ ಕಿತ್ತುಕೊಂಡರೆ ನಾಳೆ ಯಾವ ಮುಖ ಇಟ್ಟುಕೊಂಡು ನಮಾಜಿಗೆ ನಿಲ್ಲುವುದು? ಮಾಮ ದೇವರಿಗೆ ನಿಜವಾಗಿಯೂ ಹೆದರುವ ಮನುಷ್ಯ. ಅದೇ ಅವನ ಕಷ್ಟ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮೂರು ಬೀದಿ ದಾಟಿತ್ತು. ಬೀದಿಯಲ್ಲಿ ಇಷ್ಟೊಂದು ಜನ ಸುಸ್ತಾಗಿದ್ದಾರೆ ಎನ್ನುವುದು ಯಾರಿಗೂ ಗೊತ್ತೇ ಇರಲಿಲ್ಲ. ಮೂಟೆ ಹೊರುವ ಹಮಾಲಿಯೊಬ್ಬ ಕೂತಾಗ ಯಾರೂ ತಕರಾರು ಮಾಡಲಿಲ್ಲ. ಅವನು ಎದ್ದ ಮೇಲೆ ಜಗಳ ಹತ್ತಿಕೊಂಡಿತು.

"ಬೆಳಿಗ್ಗೆಯಿಂದ ಕೌಂಟರಿನಲ್ಲಿ ಜನರ ಮುಖ ನೋಡಿ ನೋಡಿ ನನಗೆ ಸುಸ್ತು" ಎಂದ ಬ್ಯಾಂಕಿನವನು. ಇಸ್ತ್ರಿಗೆ ಕೊಟ್ಟ ಬಿಳಿ ಅಂಗಿ ಒಯ್ಯುವುದಕ್ಕೆ ಬಂದಿದ್ದವನು ಅವನು.

"ಮುಖ ನೋಡೋದೂ ಒಂದು ಸುಸ್ತಾ? ಕೆಟ್ಟು ನಿಂತ ಟೈಮನ್ನ ಮತ್ತೆ ನಡೆಸೋದು ಹುಡುಗಾಟ ಅಂದ್ಕೊಂಡ್ಯಾ?" ಎಂದ ಗಡಿಯಾರದವನು.

"ನಮ್ಮತ್ತೆ ಬಂದು ಇವತ್ತಿಗೆ ಇಪ್ಪತ್ತು ದಿನ" ಎಂದ ಇನ್ನೊಬ್ಬ. ಅವನು ಅಷ್ಟೇ ಹೇಳಿದ್ದು. ಸುತ್ತಲಿದ್ದ ಗಂಡಸರಲ್ಲಿ ಇಬ್ಬರು ಅವನಿಗೆ ದಾರಿ ಬಿಟ್ಟರು.

"ಮುತವಲ್ಲಿ ಹೇಳ್ಲಿ! ಮುತವಲ್ಲಿ ತೀರ್ಪು ಕೊಡ್ಲಿ!"

ಮುತವಲ್ಲಿ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸಿ, "ನನ್ನ ಕಾಲು..." ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಅಜ್ಜನೇ ನಿಯಮ ಮಾಡಿದ. ನಿಜವಾಗಿ ಸುಸ್ತಾದವನಿಗೆ ವಾದ ಮಾಡುವ ಶಕ್ತಿ ಇರುವುದಿಲ್ಲ, ಆದ್ದರಿಂದ ಹೆಚ್ಚು ಮಾತಾಡಿದವನಿಗೆ ಕುರ್ಚಿ ಇಲ್ಲ. ಆ ಗಳಿಗೆಯಿಂದ ಯಾರೂ ಮಾತಾಡಲಿಲ್ಲ, ಎಲ್ಲರೂ ನರಳತೊಡಗಿದರು. ಒಬ್ಬ ಗೋಡೆಗೊರಗಿ "ಅಮ್ಮಾ" ಎಂದರೆ ಇನ್ನೊಬ್ಬ ನೆಲಕ್ಕೇ ಕುಸಿದು "ಅಯ್ಯಪ್ಪಾ" ಎನ್ನುತ್ತಿದ್ದ. ಯಾರದೋ ಮನೆಯಲ್ಲಿ ಸಾವಾಗಿದೆಯೆಂದು ಆಚೆ ಬೀದಿಯಿಂದ ಒಬ್ಬ ಹೆಂಗಸು ಅಳುವುದಕ್ಕೆ ತಯಾರಾಗಿಯೇ ಬಂದಳು. ವಿಷಯ ಗೊತ್ತಾದ ಮೇಲೆ ತನಗೂ ಸುಸ್ತಾಗಿದೆಯೆಂದು ಸಾಲಿನಲ್ಲಿ ನಿಂತಳು.

ಮಧ್ಯಾಹ್ನದ ಬಿಸಿಲು ಓರೆಯಾಗಿ ತಗಡಿನ ಕೆಳಕ್ಕೆ ಬಂದಾಗ ಹೊಸ ತಕರಾರು ಎದ್ದಿತು. ಕುರ್ಚಿಯ ಮೇಲೆ ಬಿಸಿಲು ಬೀಳುತ್ತಿದೆ, ಒಳಕ್ಕೆ ಸರಿಸಬೇಕು.

"ಒಳಗೆ ನನ್ನ ಮೇಜಿದೆಯಲ್ಲ" ಎಂದ ಮಾಮ.

"ಕುರ್ಚಿ ಏನು ಗಾಳೀಲಿ ನಿಲ್ಲತ್ತಾ?" ಎಂದು ಅಜ್ಜ ಕೇಳಿದ. "ಕುರ್ಚಿ ಕೊಟ್ಟ ಮೇಲೆ ಅದು ನಿಲ್ಲೋ ಜಾಗಾನೂ, ಕಾಲು ಚಾಚೋ ಜಾಗಾನೂ ಅದಕ್ಕೆ ಸೇರಿದ್ದೇ. ಬಾವಿ ಕೊಟ್ಟು, ಹಗ್ಗ ಬಿಡೋಕೆ ಜಾಗ ಕೊಡಲ್ಲ ಅಂದ್ರೆ ಆಗತ್ತಾ?"

ನರಳುತ್ತಿದ್ದವರೆಲ್ಲ ಒಮ್ಮೆಗೇ ಚೇತರಿಸಿಕೊಂಡು, ನಾಲ್ಕು ಕಡೆ ಹಿಡಿದು, ಮೇಜನ್ನು ಎತ್ತಿ ರಸ್ತೆಯ ಅಂಚಿಗಿಟ್ಟರು. ಮೇಜಿನ ಜೊತೆ ಮಾಮನೂ ಬಿಸಿಲಿಗೆ ಬಂದ. ಕುರ್ಚಿ ತಗಡಿನ ಕೆಳಗೆ, ಒಳಗೆ, ತಂಪಿನಲ್ಲಿ ಕಾಲು ಚಾಚಿ ಕೂತಿತು. ಮೂವತ್ತೊಂದು ವರ್ಷದ ಅಂಗಡಿಯಲ್ಲಿ ಈಗ ಮಾಮನೇ ಹೊರಗಿನವ.

ಬೆವರು ಒರೆಸಿಕೊಂಡು ಬ್ಯಾಂಕಿನವನ ಬಿಳಿ ಅಂಗಿಯನ್ನು ಹರಡಿ, ಬೆನ್ನಿನ ಮೇಲೆ ಪೆಟ್ಟಿಗೆ ಇಟ್ಟ. ಅಷ್ಟರಲ್ಲಿ "ಮುತವಲ್ಲೀ, ಕುರ್ಚಿ ಕಿರುಗುಡ್ತಾ ಇದೆ, ರಿಪೇರಿ ನಿನ್ನ ಜವಾಬ್ದಾರಿ" ಎಂದು ಗಡಿಯಾರದವನು ಕೂಗಿದ. ಮಾಮ ಅತ್ತ ತಿರುಗಿದ. ಕುರ್ಚಿಯಲ್ಲಿದ್ದ ಬ್ಯಾಂಕಿನವನು ಅರೆಗಣ್ಣು ಮುಚ್ಚಿಕೊಂಡೇ, "ಮಾಮ, ಯಾರ್ದೋ ಅಂಗಿ ಹೊತ್ತಿಕೊಳ್ತಾ ಇದೆ ನೋಡಿ" ಎಂದ.

"ನಿಮ್ದೇ ಸಾರ್!" ಎಂದು ಮಾಮ ಕಿರುಚಿ ಪೆಟ್ಟಿಗೆ ಎತ್ತಿದ. ಅಂಗಿಯ ಬೆನ್ನಿನಲ್ಲಿ ಪೆಟ್ಟಿಗೆಯಷ್ಟೇ ದೊಡ್ಡ ಕಂದು ಗುರುತು.

ಬ್ಯಾಂಕಿನವನು ದಡಕ್ಕನೆ ಏಳಹೋದ. ಸಾಲಿನಲ್ಲಿದ್ದವರು ಒಂದು ಹೆಜ್ಜೆ ಮುಂದೆ ಬಂದದ್ದು ಅವನ ಕಣ್ಣಿಗೆ ಬಿತ್ತು. ಮತ್ತೆ ಒರಗಿಕೊಂಡ. "ಬೆನ್ನಿಗೆ ತಾನೆ? ಹೋಗ್ಲಿ ಬಿಡಿ, ಕೌಂಟರಿನಲ್ಲಿ ಬೆನ್ನು ಯಾರು ನೋಡ್ತಾರೆ" ಎಂದ.

ಮಾಮನಿಗೆ ಅಳು ಬಂದಂತಾಯಿತು. ಇದೇ ಮನುಷ್ಯ ಎರಡು ವರ್ಷದ ಹಿಂದೆ ಒಂದು ಗುಂಡಿ ಕಿತ್ತುಹೋದದ್ದಕ್ಕೆ ಇಡೀ ಬೀದಿ ಸೇರಿಸಿದ್ದ. ಅಂಥವನನ್ನೂ ಹೀಗೆ ಮೆತ್ತಗೆ ಮಾಡಿದ ಕುರ್ಚಿ ಎಷ್ಟು ಸುಖವಾಗಿರಬೇಡ!

ಸಂಜೆಯ ಮುಂಚಿನ ಅಸರ್ ನಮಾಜಿಗೆ ಬಾಂಗು ಕೇಳಿದ್ದೇ ಮಾಮ ಕಾಲೆಳೆದುಕೊಂಡು ಮಸೀದಿಗೆ ಹೋದ. ಕೈಕಾಲು ತೊಳೆಯುವ ಕಟ್ಟೆಯ ಮೇಲೆ ಕಲ್ಲಿನಲ್ಲಿ ಕೊರೆದ ಹಳೆಯ ಅಕ್ಷರ: ಯಾರೋ ಒಬ್ಬಳು ಹೆಂಗಸು ನಮಾಜಿಗೆ ಬರುವವರಿಗೆಂದು ವಕ್ಫ್ ಮಾಡಿದ ನೀರು. ಹೆಸರು ಅಳಿಸಿ ಹೋಗಿತ್ತು, ನೀರು ಬರುತ್ತಲೇ ಇತ್ತು. ಎಷ್ಟೋ ವರ್ಷದಿಂದ ದಿನಕ್ಕೆ ಐದು ಸಲ ಮಾಮ ಆ ನೀರು ಮುಟ್ಟಿದ್ದಾನೆ. ಇವತ್ತು ಮೊದಲ ಸಲ ಅವನಿಗೆ ನಾಚಿಕೆಯಾಯಿತು. ಆ ಹೆಂಗಸು ಮನಸಾರೆ ಕೊಟ್ಟಿರಬೇಕು. ತಾನು ಕೊಟ್ಟದ್ದು ಬೈಗುಳದ ಹಾಗೆ.

ನಮಾಜು ಮುಗಿದ ಮೇಲೆ ಇಮಾಮರ ಮುಂದೆ ಕೂತು ಎಲ್ಲವನ್ನೂ ಹೇಳಿದ. ಇಮಾಮರು ಬೆಳಿಗ್ಗೆಯಿಂದ ಜನರ ಇಂಥವೇ ಪ್ರಶ್ನೆಗಳನ್ನು ಕೇಳಿ ಕೇಳಿ ಸೋತವರು. ಕಣ್ಣುಜ್ಜಿಕೊಂಡು ಕೇಳಿದರು.

"ಆ ಮಾತು ಆಡ್ದಾಗ ನಿನ್ನ ಮನಸ್ಸಲ್ಲಿ ಏನಿತ್ತು?"

"ನಿಜ ಹೇಳ್ಲಾ ಸಾಹೇಬ್ರೇ? ಇವ್ರೆಲ್ಲ ಎದ್ದು ತೊಲಗ್ಲಿ ಅಂತ ಇತ್ತು."

ಇಮಾಮರು ನಗು ತಡೆದುಕೊಂಡರು. "ಸಿಟ್ಟಲ್ಲಿ ಆಡಿದ ಮಾತಿನ ಬಗ್ಗೆ ತಿಳಿದೋರು ಒಬ್ಬೊಬ್ರು ಒಂದೊಂದು ಥರ ಹೇಳ್ತಾರೆ, ಅದು ಆಮೇಲೆ ನೋಡೋಣ. ಮೊದಲು ಇದು ಹೇಳು. ತನ್ನದಾಗಿರೋದನ್ನ ಮಾತ್ರ ವಕ್ಫ್ ಮಾಡೋಕಾಗೋದು. ಕುರ್ಚಿ ಯಾರ್ದು?"

"ನಂದೇ."

"ನೀನು ತಂದಿದ್ದಾ?"

"ನನ್ನ ಹೆಂಡ್ತಿ ತಂದಿದ್ದು. ಅವಳ ದುಡಿಮೇಲಿ."

"ತಂದು ಏನಂದ್ಳು? 'ತಗೊಳ್ಳಿ' ಅಂದ್ಳಾ, 'ಕೂತ್ಕೊಳ್ಳಿ' ಅಂದ್ಳಾ?"

ಮಾಮ ಯೋಚಿಸಿದ. ಯೋಚಿಸುತ್ತಿದ್ದ ಹಾಗೆ ಅವನ ಮುಖದ ಸುಕ್ಕುಗಳು ಒಂದೊಂದಾಗಿ ಬಿಡಿಸಿಕೊಂಡವು. "ಕೂತ್ಕೊಳ್ಳಿ ಅಂದ್ಳು!"

"ಕೂತ್ಯಾ?"

"ಎಲ್ಲಿ ಕೂತೆ ಸಾಹೇಬ್ರೇ! ಅದೇ ಅಲ್ವಾ ನನ್ನ ಗೋಳು!"

"ಹಾಗಾದ್ರೆ ಅವಳು ನಿನಗೆ ಕೊಟ್ಟೂ ಇಲ್ಲ, ಅದು ನಿನ್ನ ಕೈಗೆ ಬಂದೂ ಇಲ್ಲ. ಕುರ್ಚಿ ಅವಳದ್ದೇ. ನೀನು ಮಾಡಿದ ವಕ್ಫ್ ನಡೆಯಲ್ಲ. ನಡಿ, ಆಕೆ ಬಾಯಿಂದಲೇ ಕೇಳಿಬಿಡೋಣ. ಇಲ್ಲಾಂದ್ರೆ ನಿಮ್ಮ ಅರ್ಜಿ ಅಜ್ಜ ನನ್ನ ಮೇಲೇ ಅರ್ಜಿ ಬರೀತಾರೆ."

ಮಾಮ ದಾರಿಯುದ್ದಕ್ಕೂ ಇಮಾಮರಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಮೀನಖಂಡ ನೋಯುತ್ತಿದ್ದದ್ದು ಅವನಿಗೆ ತಿಳಿಯಲೇ ಇಲ್ಲ.

ಹೆಂಡತಿ ಆಗಷ್ಟೇ ಬಂದಿದ್ದಳು. ತಲೆಯ ಮೇಲೆ ನಾಳೆಯ ಬಟ್ಟೆಯ ಗಂಟು ಹಾಗೇ ಇತ್ತು. ರಸ್ತೆಗೆ ಬಂದಿದ್ದ ಮೇಜನ್ನೂ, ಕಟ್ಟಿದ್ದ ರಟ್ಟನ್ನೂ, ಸಾಲುಗಟ್ಟಿ ನರಳುತ್ತಿದ್ದ ಜನರನ್ನೂ ನೋಡುತ್ತ ನಿಂತಿದ್ದಳು. ಕುರ್ಚಿಯಲ್ಲಿ ಆಗ ಇದ್ದವಳು ನಾಲ್ಕು ಮನೆಯ ಪಾತ್ರೆ ತಿಕ್ಕಿ ಬಂದ ಒಬ್ಬಳು ಮುದುಕಿ.

"ತಾಯಿ, ಒಂದು ಮಾತು" ಎಂದು ಇಮಾಮರು ಕೇಳಿದರು. "ಈ ಕುರ್ಚಿ ನೀವು ಗಂಡನಿಗೆ ಕೊಟ್ಟಿದ್ದಾ, ಇಲ್ಲಾ ಕೂರೋಕೆ ಬಿಟ್ಟಿದ್ದಾ?"

"ಇವ್ರಿಗೆ ಏನಾದ್ರೂ ಕೊಟ್ರೆ ಸಾಯಂಕಾಲದೊಳಗೆ ಯಾರಿಗಾದ್ರೂ ಎತ್ತಿ ಕೊಟ್ಟಿರ್ತಾರೆ ಸಾಹೇಬ್ರೇ" ಎಂದಳು. "ಕೂರೋಕೆ ಬಿಟ್ಟಿದ್ದು. ಕುರ್ಚಿ ನಂದೇ."

"ಕೇಳಿಸ್ಕೊಂಡ್ರಲ್ಲ ಎಲ್ರೂ?" ಎಂದು ಇಮಾಮರು ಬೀದಿಯ ಕಡೆ ತಿರುಗಿದರು. "ಇಲ್ಲಿ ವಕ್ಫ್ ಆಗಿಲ್ಲ. ಕುರ್ಚಿ ಈ ತಾಯಿದು."

ಬೀದಿ ಉಸ್ಸೆಂದಿತು. ಅರ್ಜಿ ಅಜ್ಜ, "ಮಾಲೀಕತ್ವದ ಅಂಶ ಬಿಟ್ಟೇ ಹೋಯ್ತಲ್ಲ ಛೇ" ಎಂದು ತಲೆ ಚಚ್ಚಿಕೊಂಡ. ಮಾಮ ಮಾತ್ರ ಬಾಯಿ ಕಿವಿಗೆ ಮುಟ್ಟುವ ಹಾಗೆ ನಗುತ್ತ ರಟ್ಟು ಬಿಚ್ಚುವುದಕ್ಕೆ ಕೈ ಹಾಕಿದ.

ಕುರ್ಚಿಯಲ್ಲಿದ್ದ ಮುದುಕಿ ಗಾಬರಿಯಾಗಿ ಎದ್ದಳು. ಎದ್ದ ರಭಸಕ್ಕೆ ಒಮ್ಮೆ ಜೋಲಿ ಹೊಡೆದಳು. "ತಪ್ಪಾಯ್ತು ತಾಯಿ, ನನಗೆ ಓದೋಕೆ ಬರಲ್ಲ. ಕೂತ್ಕೋಬಹುದು ಅಂತ ಬರ್ದಿದೆ ಅಂದ್ರು, ಅದಕ್ಕೇ ಕೂತೆ" ಎನ್ನುತ್ತ, ತಾನು ಕೂತಿದ್ದ ಜಾಗವನ್ನು ತನ್ನ ಸೆರಗಿನಿಂದಲೇ ಒರೆಸತೊಡಗಿದಳು.

ಹೆಂಡತಿ ಗಂಟನ್ನು ನೆಲಕ್ಕಿಳಿಸಿದಳು. ಸ್ವಲ್ಪ ಹೊತ್ತು ಆ ಒರೆಸುವ ಕೈಯನ್ನೇ ನೋಡಿದಳು.

"ನಮ್ಮಮ್ಮಾನೂ ಹೀಗೇ" ಎಂದಳು. ಯಾರಿಗೆ ಹೇಳಿದಳೋ ತಿಳಿಯಲಿಲ್ಲ. "ಐದು ಮನೆ ಪಾತ್ರೆ ತಿಕ್ತಾ ಇದ್ಳು. ಕೆಲಸ ಕೊಟ್ರು, ಹಳೇ ಸೀರೆ ಕೊಟ್ರು, ಕಾಯಿಲೆ ಬಿದ್ದಾಗ ಮಾತ್ರೆಗೂ ಕೊಟ್ರು. ಒಳ್ಳೇ ಜನಾನೇ. ಆದ್ರೆ ಒಂದಿನಾನೂ ಯಾರೂ 'ಕೂತ್ಕೋ' ಅಂದಿಲ್ಲ ಅವಳಿಗೆ. ಬಾಗ್ಲು ಹಿಡ್ಕೊಂಡು ನಿಂತೇ ಇರ್ತಿದ್ಳು. ಸಾಯೋವಾಗ್ಲೂ ನಿಂತಿದ್ದೋಳು ಬಿದ್ದು ಸತ್ತಿದ್ದು."

ನರಳುವವರು ನರಳುವುದನ್ನು ನಿಲ್ಲಿಸಿದ್ದರು. ಮಾಮನ ಕೈ ರಟ್ಟಿನ ದಾರದ ಮೇಲೆ ಹಾಗೇ ನಿಂತಿತು. ಮುಂದೆ ಏನು ಬರಲಿದೆ ಎಂದು ಅವನಿಗೆ ಗೊತ್ತಾಗಿಹೋಯಿತು.

"ಸಾಹೇಬ್ರೇ, ಅದನ್ನ ಹೇಗೆ ಹೇಳ್ಬೇಕು? ಸರಿಯಾಗಿ?"

ಇಮಾಮರು ಮಾಮನ ಮುಖ ನೋಡಿದರು. ಮಾಮ ನೆಲ ನೋಡಿದ. ಇಮಾಮರು ಒಂದೊಂದೇ ಪದ ಹೇಳಿಕೊಟ್ಟರು, ಅವಳು ಒಂದೊಂದೇ ಪದ ಹೇಳಿದಳು. ತನ್ನ ಸ್ವಂತದ ಈ ಕುರ್ಚಿಯನ್ನು, ಮನಸಾರೆ, ದೇವರ ಮೆಚ್ಚುಗೆಗಾಗಿ, ಸುಸ್ತಾದವರ ಉಪಯೋಗಕ್ಕೆ ವಕ್ಫ್ ಮಾಡಿದ್ದೇನೆ. ಇದರ ಪುಣ್ಯ ನಮ್ಮಮ್ಮನಿಗೆ ಸೇರಲಿ. ಹೇಳಿ ಮುಗಿಸಿ ಮುದುಕಿಯ ಭುಜ ಹಿಡಿದು, "ಕೂತ್ಕೊಳ್ಳಿ ಅಜ್ಜಿ" ಎಂದು ಕೂರಿಸಿದಳು. ಅರ್ಜಿ ಅಜ್ಜ ಮುಖ ಆಚೆ ತಿರುಗಿಸಿಕೊಂಡು ಮೂಗು ಒರೆಸಿಕೊಂಡ.

"ನೋಡ್ಕೊಳ್ಳೋದಕ್ಕೆ ಮುತವಲ್ಲಿ ಯಾರು?" ಎಂದು ಇಮಾಮರು ಕೇಳಿದರು.

"ಇವ್ರೇ ಇರ್ಲಿ. ಹೇಗೂ ದಿನಾ ಇಲ್ಲೇ ನಿಂತಿರ್ತಾರಲ್ಲ" ಎಂದಳು ಹೆಂಡತಿ. ಹಾಗೆಂದ ಮೇಲೆ ಡಾಕ್ಟರು ಹೇಳಿದ್ದು ಅವಳಿಗೆ ನೆನಪಾಗಿ ಬಾಯಿಗೆ ಕೈ ಹೋಯಿತು. "ಅಯ್ಯೋ, ಇವ್ರ ಕಾಲು! ಅಜ್ಜಾ, ಮಧ್ಯಾಹ್ನದ ಒಂದು ಗಂಟೆ ಮಾತ್ರ ಇವ್ರಿಗೆ ಅಂತ ಸೇರಿಸಿ ಬರೀರಿ."

ಹೊಸ ರಟ್ಟು ಹಿಡಿದು ತಯಾರಾಗಿದ್ದ ಅಜ್ಜ ಪೆನ್ನು ಎತ್ತಿದ, ಇಮಾಮರ ಕಡೆ ನೋಡಿದ, ಪೆನ್ನು ಇಳಿಸಿದ. "ಷರತ್ತು ಏನಿದ್ರೂ ಮಾಡೋವಾಗ್ಲೇ ಹೇಳ್ಬೇಕಾಗಿತ್ತಮ್ಮಾ. ಮಾತು ಮುಗಿದ ಮೇಲೆ ಸೇರ್ಸೋ ಹಾಗಿಲ್ಲ. ಅಲ್ವಾ ಸಾಹೇಬ್ರೇ?"

"ಅಜ್ಜ ಹೇಳಿದ್ದು ಸರಿ" ಎಂದರು ಇಮಾಮರು, ಬಹಳ ಬೇಸರದಿಂದ. "ಇವನೂ ಸುಸ್ತಾದವನೇ, ಕೂರಬಹುದು. ಸರದಿ ಬಂದಾಗ."

"ಸರದೀಲಿ ನಾನು ಎಷ್ಟನೆಯವನು?" ಎಂದು ಮಾಮ ಕೇಳಿದ.

"ಹದಿನೇಳು" ಎಂದ ಗಡಿಯಾರದವನು. "ನಿಂತಿದ್ದಿದ್ರೆ ಹದಿನಾರು ಆಗ್ತಿತ್ತು, ಮಧ್ಯದಲ್ಲಿ ನೀನು ಮಸೀದಿಗೆ ಹೋದ್ಯಲ್ಲ."

ಸೂರ್ಯ ಮುಳುಗುವ ಹೊತ್ತಾಯಿತು. ಮುದುಕಿ ದಣಿವಾರಿಸಿಕೊಂಡು, ಹೆಂಡತಿಯ ಕೆನ್ನೆ ಮುಟ್ಟಿ ಮನೆಗೆ ಹೋದಳು. ಸಾಲಿನಲ್ಲಿದ್ದವರಿಗೆ ಯಾಕೋ ಒಬ್ಬೊಬ್ಬರಿಗೇ ಮನೆ ನೆನಪಾಯಿತು. ಅತ್ತೆ ಬಂದಿದ್ದವನೂ ಹೊರಟ. ಬೆಳಿಗ್ಗೆ ಎಂಟರಿಂದ ಇಲ್ಲಿಯವರೆಗೆ ಕುರ್ಚಿ ಮೊದಲ ಬಾರಿಗೆ ಖಾಲಿಯಾಯಿತು.

ಮಾಮ ಅತ್ತಿತ್ತ ನೋಡಿದ. ಇಸ್ತ್ರಿ ಪೆಟ್ಟಿಗೆಯನ್ನು ಅದರ ಕಬ್ಬಿಣದ ಕಾಲಿನ ಮೇಲಿಟ್ಟ. ಕೈ ಒರೆಸಿಕೊಂಡು ಒಂದು ಹೆಜ್ಜೆ ಮುಂದಿಟ್ಟ.

ಅಲ್ಲಿ ಹೆಂಡತಿ ನಿಂತಿದ್ದಳು, ಬೇರೆ ಯಾರದೋ ಮನೆಯ ಕುರ್ಚಿಯ ಪಕ್ಕ ನಿಂತ ಹಾಗೆ. ಒಂದು ಕೈ ಸೊಂಟದ ಮೇಲೆ. ಚಪ್ಪಲಿಯಿಂದ ಹೊರಬಂದ ಹಿಮ್ಮ‌ಡಿ ಒಡೆದು ಕಪ್ಪಾಗಿತ್ತು. ಬೆಳಿಗ್ಗೆಯಿಂದ ಎಷ್ಟು ಮೆಟ್ಟಿಲು ಹತ್ತಿದಳೋ, ಎಷ್ಟು ಬಾಗಿಲ ಮುಂದೆ ಗಂಟು ಹಿಡಿದು ನಿಂತಳೋ. ಮಾಮ ಅದನ್ನು ಯಾವತ್ತೂ ಕೇಳಿರಲಿಲ್ಲ. ಮದುವೆಯಾದ ಇಷ್ಟು ವರ್ಷದಲ್ಲಿ ಅವಳಿಗೆ ಊಟ ಮಾಡು ಎಂದಿದ್ದ, ಮಲಗು ಎಂದಿದ್ದ, ಬೇಗ ಬಾ ಎಂದಿದ್ದ. ಇನ್ನೊಂದು ಮಾತು ಎಂದೂ ಆಡಿರಲಿಲ್ಲ ಎಂದು ಹೊಳೆದಾಗ ಅವನಿಗೆ ತನ್ನ ಮೇಲೇ ಬಹಳ ಬೇಜಾರಾಯಿತು.

"ಕೂತ್ಕೋ" ಎಂದ.

"ನಾನಾ? ನೀವು ಕೂತ್ಕೊಳ್ಳಿ. ಕಾಲು ನೋಯ್ತಾ ಇಲ್ವಾ?"

"ಮುತವಲ್ಲಿ ಹೇಳ್ತಾ ಇದೀನಿ, ಕೂತ್ಕೋ."

ಅವಳು ಅಂಚಿನಲ್ಲಿ ಕೂತಳು. ಆಮೇಲೆ ಒರಗಿದಳು. ಮಾಮ ಬಗ್ಗಿ ಹಲಗೆ ಎಳೆದು ಅವಳ ಕಾಲುಗಳನ್ನು ಅದರ ಮೇಲಿಟ್ಟ. "ಐದು ನಿಮಿಷ ಅಷ್ಟೇ, ಎದ್ಬಿಡ್ತೀನಿ" ಎಂದಳು. ಹೇಳುತ್ತಿದ್ದ ಹಾಗೇ ನಿದ್ದೆ ಹೋದಳು.

ಅಂಗಡಿ ಬಾಗಿಲು ಹಾಕಿಕೊಂಡು ಗಡಿಯಾರದವನು ಬಂದ. "ಏನ್ ಮಾಮ, ಖಾಲಿ ಇರತ್ತೆ ಅಂದ್ಕೊಂಡೆ. ಎಷ್ಟೊತ್ತು ಬೇಕು ಇವ್ರಿಗೆ?"

"ಮೂವತ್ತೊಂದು ವರ್ಷ" ಎಂದ ಮಾಮ. "ನಿನ್ನ ಟೈಮು ನೋಡ್ಕೊಂಡು ಆಮೇಲೆ ಬಾ."

ಅವನು ಗೊಣಗುತ್ತ ಹೋದ. ನಾಳೆಯ ಬಟ್ಟೆಯ ಗಂಟು ನೆಲದ ಮೇಲೆ ಹಾಗೇ ಬಿದ್ದಿತ್ತು. ಮಾಮ ಅದನ್ನು ಬಿಚ್ಚಿ, ಪೆಟ್ಟಿಗೆಗೆ ಎರಡು ಕೆಂಡ ಹಾಕಿ, ಕಾಲು ಬದಲಾಯಿಸಿಕೊಂಡು ನಿಂತು, ಮೊದಲನೇ ಅಂಗಿ ಹರಡಿದ.